ಬೊಬ್ಬೆ ಹಾಕುವ ಮಿಶನಿಂಗೆ ನಮ್ಮ ಜಾಲಿಲ್ಲಿ ಜಾಗೆ ಇಲ್ಲೆ

ಅಕ್ಕಂದ್ರೇ, ಅತ್ತಿಗೆಕ್ಕಳೇ, ನೆರೆಕರೆಯ ಚಿಕ್ಕಮ್ಮಂದ್ರೇ, ಒಂದರಿ ಕೈಕೆಲಸ ಕರೇಲಿ ಮಡುಗಿ ಕೇಳಿ. ಮಿಶನು ಸುರು ಆದ ಮತ್ತೆ ಕೇಳ್ಲೆಡಿಯ.

ಮಳೆ ಬಿಟ್ಟು ಬೆಶಿಲು ಬಿದ್ದತ್ತು ಹೇಳಿ ಆದರೆ ವಿಟ್ಲಂದ ಉಜಿರೆ ವರೆಗೆ, ಅಲ್ಲಿಂದ ಮೂಡುಬಿದಿರೆ ವರೆಗೆ ಎಲ್ಲಾ ತೋಟಂಗಳಲ್ಲಿ ಒಂದೇ ಸ್ವರ. ಉದಿಯಪ್ಪಗ ಕಾಪಿ ಕುಡುದ ಲೋಟೆ ತೊಳವಂದ ಮದಲೇ ಹುಲ್ಲು ಹೆರೆವ ಮಿಶನು ಸುರು. ಅದು ನಿಂದತ್ತು ಹೇಳುವಗ ಗುಡ್ಡೆಲಿ ಮರ ಕೊರವ ಮಿಶನು. ಅದಕ್ಕೂ ಪೆಟ್ರೋಲು ಮುಗುದತ್ತು ಹೇಳಿ ಉಸುಲು ಬಿಡುವಗ ಆಚಕರೆಲಿ ಮದ್ದು ಬಿಡುವ ಪಂಪಿನ ಇಂಜಿನು. ಲಾರಿ ಬಪ್ಪಲೆ ಮಾರ್ಗ ಇಲ್ಲದ್ದ ಜಾಗೆ ಆದರೆ ಮತ್ತೂ ಬಂಙ. ಮರವ ಮಿಲ್ಲಿಂಗೆ ಕೊಂಡೋಪಲೆ ಎಡಿಯ ಹೇಳಿ ಬಿದ್ದಲ್ಲೇ ಹಲಗೆ ಸೀಳ್ತವು. ಅಂಬಗ ಅರ್ಧ ದಿನದ ಕೆಲಸ ಮೂರು ದಿನ ಆವ್ತು, ಮೂರು ದಿನವೂ ಇಂಜಿನು ಪೂರ್ತಿ ಎಕ್ಸಲೇಟರಿಲ್ಲಿ. ಅಡಿಗೆ ಒಳಂದ ದೆನಿಗೇಳಿರೆ ಚಾವಡಿಗೆ ಕೇಳ. ಒರಗಿದ ಬಾಬೆ ಬೆಚ್ಚಿಬಿದ್ದು ಏಳ್ತು. ಹಟ್ಟಿಲಿ ದನ ಹಾಲು ಏರುಸುತ್ತು. ಪರೀಕ್ಷೆಗೆ ಓದುವ ಕೂಸು ಕೆಮಿ ಮುಚ್ಚಿಗೊಂಡು ಕೂರ್ತು.

ಇದರ ಎಲ್ಲ ನಾವು ಮಳೆ ಬಂದ ಹಾಂಗೆ, ಸೆಕೆ ಬಂದ ಹಾಂಗೆ ತಡಕ್ಕೊಂಡಿದ್ದು. "ಬಪ್ಪದು ಬಕ್ಕು, ಹೋಪದು ಹೋಕು" ಹೇಳಿ. ಎನ್ನ ತಕರಾರು ಇಲ್ಲೇ ಇಪ್ಪದು. ಮಳೆಯ ದೇವರು ಕಳುಸುತ್ತ, ಈ ಶಬ್ದವ ಮನುಷ್ಯ ಮಾಡುದು. ಮಾಡಿದವಕ್ಕೆ ಕಮ್ಮಿ ಮಾಡ್ಲೂ ಎಡಿತ್ತು. ಕಮ್ಮಿ ಮಾಡದ್ದಕ್ಕೆ ಕಾರಣ ಒಂದೇ: ಕೇಳುವವು ಆರೂ ಇಲ್ಲೆ. ಕೇಳೆಕ್ಕಾದ್ದು ಮನೆಲಿ ಇಪ್ಪ ನಾವು.

ಮದಲೇ ಒಂದು ಮಾತು ಹೇಳಿಬಿಡ್ತೆ. ಮಿಶನೇ ಬೇಡ ಹೇಳುವ ಜೆನ ಆನಲ್ಲ. ಇಡೀ ದಿನ ಬಗ್ಗಿ ಕತ್ತಿಲಿ ಹುಲ್ಲು ಹೆರೆವ ಹೆಣ್ಣಾಳುಗೊ ಈಗ ಸಿಕ್ಕುತ್ತವಿಲ್ಲೆ, ಸಿಕ್ಕಿರೂ ಆ ಸೊಂಟಬೇನೆ ಅವಕ್ಕೆ ಇರಲಿ ಹೇಳಿ ಗ್ರೇಶುಲಾಗ. ಮದಲಿಂಗೆ ಮರ ಸೀಳುದು ಹೇಳಿರೆ ದೊಡ್ಡ ಗರಗಸ, ಒಬ್ಬ ಮೇಗೆ ಒಬ್ಬ ಕೆಳ, ಕೆಳ ನಿಂದವನ ಕಣ್ಣಿಂಗೆ ಇಡೀ ಹೊಡಿ. ಮೂಡುಬಿದಿರೆಯ ಚೌಟರ ಅರಮನೆಲಿ ಮರದ ಕಂಬಲ್ಲಿ ನವನಾರಿ ಕುಂಜರ ಕೆತ್ತಿದ್ದರ ನಿಂಗೊ ನೋಡಿಕ್ಕು, ಒಂಬತ್ತು ಹೆಮ್ಮಕ್ಕೊ ಸೇರಿ ಆನೆ ಆದ್ದು. ಒಂದೇ ಒಂದು ಇಂಜಿನು ಇಲ್ಲದ್ದೆ ಆದ ಕೆಲಸ ಅದು. ಚೆಂದಕ್ಕೆ ಕೈ ಮುಗಿವ°, ಆದರೆ ಆ ಕಾಲದ ಬೆಗರು ಪುನಾ ಬರಲಿ ಹೇಳಿ ಹೇಳ್ಲೆ ಎನ್ನಂದೆಡಿಯ. ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಕ್ಕೆ ಮರ ಹತ್ತುವ ಬೈಕು ಮಾಡಿದ್ದು 2019ರಲ್ಲಿ ಲೋಕಕ್ಕೇ ಗೊಂತಾತು. ಸಣ್ಣ ಪೆಟ್ರೋಲು ಇಂಜಿನು, ಕೂಪಲೆ ಒಂದು ಸೀಟು, ಅಡಕ್ಕೆ ಮರದ ಕೊಡಿಗೆ ಹೋಪಲೆ ಅಷ್ಟೇ ಸಾಕಾತು. ಕೊನೆ ಕೊಯ್ವವು ಇಲ್ಲದ್ದ ಊರಿಲ್ಲಿ ಅದು ಸಣ್ಣ ಸಂಗತಿ ಅಲ್ಲ. ಇಂಜಿನು ನವಗೆ ಉಪಕಾರ ಮಾಡಿದ್ದು. ಉಪಕಾರ ಮಾಡಿತ್ತು ಹೇಳಿ ಅದರ ಬೊಬ್ಬೆಯ ಸಹಿಸೆಕ್ಕು ಹೇಳಿ ಇಲ್ಲೆ. ಮನೆ ಕೆಲಸಕ್ಕೆ ಬಂದವು ಲಾಯ್ಕ ಕೆಲಸ ಮಾಡಿಯೂ ಉದಿಯಂದ ಹೊತ್ತೋಪಲ್ಲಿವರೆಗೆ ನಮ್ಮ ಕೆಮಿ ಹತ್ರೆ ನಿಂದು ಕಿರುಚಿರೆ ನಾವು ಸುಮ್ಮನೆ ಇಕ್ಕೋ?

ಈಗ ರಜ್ಜ ಲೆಕ್ಕ ನೋಡುವ°. ಶಬ್ದವ ಅಳವದು ಡೆಸಿಬೆಲ್ಲಿಲ್ಲಿ. ನಾವು ಎದುರೆದುರು ಕೂದು ಮಾತಾಡುದು ಸುಮಾರು 60. ಮರ ಕೊರವ ಮಿಶನು ಹಿಡ್ಕೊಂಡವನ ಕೆಮಿಗೆ ಬಪ್ಪದು 100ಕ್ಕಿಂತ ಮೇಗೆ. ಡಬ್ಬಲುದೇ ಆತಿಲ್ಲೆನ್ನೆ ಹೇಳಿ ಗ್ರೇಶೆಡಿ. ಡೆಸಿಬೆಲ್ ಹೇಳುದು ನಮ್ಮ ಸೇರು-ಕಿಲೋದ ಹಾಂಗಿಪ್ಪ ಲೆಕ್ಕ ಅಲ್ಲ. 10 ಹೆಚ್ಚಾದರೆ ಶಬ್ದದ ಬಲ ಹತ್ತು ಪಾಲು, 20 ಹೆಚ್ಚಾದರೆ ನೂರು ಪಾಲು. 60ಕ್ಕೂ 100ಕ್ಕೂ ಇಪ್ಪದು ಹತ್ತು ಸಾವಿರ ಪಾಲಿನ ಅಂತರ.

ಕೆಲಸಗಾರರ ಆರೋಗ್ಯ ನೋಡುವ ಅಮೇರಿಕದ ಸರ್ಕಾರಿ ಸಂಸ್ಥೆ ನಯೋಶ್ ಹೇಳುವ ಲೆಕ್ಕ ಹೀಂಗಿದ್ದು: 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ತಡವಲಕ್ಕು. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಂಗೆ ಹೊತ್ತು ಅರ್ಧ ಆವ್ತು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100 ಮುಟ್ಟುವಗ ಬರೇ 15 ನಿಮಿಷ. ನಮ್ಮಲ್ಲಿಗೆ ಬಪ್ಪ ಮಾಣಿಯಂಗೊ ಕೆಮಿಗೆ ಎಂತದೂ ಮಡುಗದ್ದೆ ಇಡೀ ದಿನ ಮಿಶನು ಹಿಡಿತ್ತವು. ನಮ್ಮ ಚಾಯ ಕೊದಿವಷ್ಟು ಹೊತ್ತಿಲ್ಲಿ ಅವರ ಕೆಮಿಯ ಆ ದಿನದ ಪಾಲು ಮುಗುದಾತು.

ಕೆಮಿಯ ಒಳ ಬಸವನಹುಳುವಿನ ಚಿಪ್ಪಿನ ಹಾಂಗಿಪ್ಪ ಒಂದು ಅಂಗ ಇದ್ದು. ಅದರೊಳ ರೋಮದ ಹಾಂಗಿಪ್ಪ ಸಣ್ಣ ಸಣ್ಣ ಕೋಶಂಗೊ. ಜೋರು ಗಾಳಿಗೆ ಗೆದ್ದೆಯ ಭತ್ತ ಮಲಗುವ ಹಾಂಗೆ ಜೋರು ಶಬ್ದಕ್ಕೆ ಇದು ಮಲಗುತ್ತು. ಸುರು ಸುರುವಿಂಗೆ ಒಂದು ಇರುಳು ಕಳುದಪ್ಪಗ ಎದ್ದು ನಿಲ್ಲುತ್ತು. ದಿನಾಗಳೂ ಬಡುದರೆ ಸಾಯ್ತು. ಸತ್ತದರ ಪುನಾ ಹುಟ್ಟುಸುವ ಮದ್ದು ಇಲ್ಲೆ. ಕೆಲಸ ಬಿಟ್ಟು ಮನೆಗೆ ಬಂದ ಮತ್ತೆಯೂ ಕೆಮಿಲಿ "ಗುಂಯ್" ಹೇಳ್ತು ಹೇಳುವವು ಎಷ್ಟು ಜೆನ ಇದ್ದವು ಹೇಳಿ ನಿಂಗಳ ತೋಟಕ್ಕೆ ಬಪ್ಪವರ ಹತ್ರೆ ಒಂದರಿ ಕೇಳಿ ನೋಡಿ.

ಇದರಲ್ಲಿ ನವಗೆ ತಾಗುವ ವಿಷಯ ಇನ್ನೊಂದಿದ್ದು. ಶಬ್ದಂದ ಕೆಮಿ ಹಾಳಪ್ಪಗ ಎಲ್ಲ ಒಟ್ಟಿಂಗೆ ಹೋವ್ತಿಲ್ಲೆ. ಸುರುವಿಂಗೆ ಹೋಪದು ಸಪೂರ ಸ್ವರ. ಸ, ಶ, ಚ ಹೇಳುವ ಅಕ್ಷರಂಗೊ ಒಂದಕ್ಕೊಂದು ಕಲಸುತ್ತು. ಗೆಂಡುಮಕ್ಕಳ ದಪ್ಪ ಸ್ವರ ಸಮಾ ಕೇಳ್ತು, ಹೆಮ್ಮಕ್ಕಳ ಸ್ವರ, ಪುಳ್ಳಿಯಕ್ಕಳ ಸ್ವರ ಮಾಂತ್ರ ನೀರಿನ ಒಳಂದ ಬಂದ ಹಾಂಗೆ ಆವ್ತು. "ಇವಕ್ಕೆ ಎಲ್ಲೋರ ಮಾತೂ ಕೇಳ್ತು, ಎನ್ನ ಮಾತು ಮಾಂತ್ರ ಕೇಳ್ತಿಲ್ಲೆ" ಹೇಳಿ ನಾವು ಜೆಂಬ್ರದ ಮನೆಲಿ ಕೂದು ನೆಗೆ ಮಾಡ್ತು. ಕೆಲವು ಮನೆಲಿ ಅದು ಉದಾಸೀನ ಆದಿಕ್ಕು. ವರ್ಷಗಟ್ಲೆ ಮಿಶನು ಹಿಡುದವರ ಮನೆಲಿ ಅದು ನಿಜವಾದ ಕೆಪ್ಪುತನ. ಮನೆ ಯಜಮಾನಂಗೆ ಹೆಂಡತಿಯ ಸ್ವರ, ಪುಳ್ಳಿಯ ತೊದಲು ಮಾತು ಕೇಳದ್ದೆ ಹೋಪದು ತಮಾಶೆ ಅಲ್ಲ.

ಶಬ್ದಕ್ಕೆ ಜೀವವನ್ನೇ ತೆಗವಲೂ ಎಡಿತ್ತು. ಕಳುದ ವರ್ಷ ಎಂಗಳಲ್ಲಿ ಹಟ್ಟಿಯ ಹಿಂದಾಣ ಹಲಸಿನ ಮರ ಕಡುಶಿದವು. ಹಗ್ಗ ಕಟ್ಟಿ, ಜೆನ ನಿಲ್ಸಿ, ಬೀಳುವ ದಿಕ್ಕು ನೋಡಿ, ಎಲ್ಲ ಸಮಾ ಮಾಡಿತ್ತಿದ್ದವು. ಮರ ಬೀಳ್ಲೆ ರಜ್ಜ ಇಪ್ಪಗ ಅತ್ತೆಗೆ ಕಂಜಿಯ ಬಿಡುಸೆಕ್ಕು ಹೇಳಿ ನೆಂಪಾಗಿ ಹಿಂದಾಣ ಬಾಗಿಲಿಲ್ಲಿ ಸೀದಾ ಹಟ್ಟಿಗೆ ಹೆರಟವು. ಹಗ್ಗ ಹಿಡುದವು ಬೊಬ್ಬೆ ಹೊಡದವು. ಆನು ಬೊಬ್ಬೆ ಹೊಡದೆ. ಅತ್ತೆಗೂ ಕೇಳಿದ್ದಿಲ್ಲೆ, ಮಿಶನು ಹಿಡುದವಕ್ಕೂ ಕೇಳಿದ್ದಿಲ್ಲೆ. ಹಗ್ಗ ಹಿಡುದವರಲ್ಲಿ ಒಬ್ಬರು ಓಡಿ ಹೋಗಿ ಅತ್ತೆಯ ಕೈ ಹಿಡುದು ಎಳದ ಕಾರಣ ಅವು ಇಂದಿಂಗೂ ಎಂಗಳೊಟ್ಟಿಂಗೆ ಇದ್ದವು. ಮತ್ತೆ ವಿಚಾರುಸಿರೆ, ಆ ಮಿಶನಿನ ಸೈಲೆನ್ಸರಿನ ಒಳ ಎಂತದೂ ಇತ್ತಿಲ್ಲೆ. ಬರೇ ಚಿಪ್ಪು. "ಬಲ ಬಕ್ಕು" ಹೇಳಿ ರಿಪೇರಿಯವು ಒಳಾಣದ್ದರ ತೆಗದು ಕೊಟ್ಟದಡ. ತೋಟಲ್ಲಿ ಹಾವು ಕಚ್ಚಿ ಒಬ್ಬ ದೆನಿಗೇಳಿದರೆ, ಅಡಕ್ಕೆ ಮರಂದ ಒಬ್ಬ ಜಾರಿರೆ, ಇಂಥಾ ಮಿಶನು ಓಡುವ ಜಾಗೆಲಿ ಆರಿಂಗೆ ಕೇಳುಗು?

ಈ "ಬಲ ಬಕ್ಕು" ಹೇಳುವ ಮಾತಿನ ಬುಡವನ್ನೇ ನೋಡುವ°. ಈ ಮಿಶನುಗಳಲ್ಲಿ ಹೆಚ್ಚಿಂದು ಎರಡು ಸ್ಟ್ರೋಕಿನ ಇಂಜಿನು. ಪಿಸ್ಟನು ಕೆಳ ಇಳಿವಗ ಹೊಗೆಯ ಬಾಗಿಲು ಒಂದೇ ಸರ್ತಿ ತೆಗೆತ್ತು, ಒಳ ಒತ್ತಿ ನಿಂದ ಬೆಶಿ ಹೊಗೆ ಢಂ ಹೇಳಿ ಹೆರ ಬೀಳ್ತು. ಪ್ರತಿ ಒಂದು ಸುತ್ತಿಂಗೂ ಒಂದು ಢಂ. ನಿಮಿಷಕ್ಕೆ 9000 ಸುತ್ತು ಹೇಳಿರೆ ಸೆಕೆಂಡಿಂಗೆ 150. ಒಂದು ಸೆಕೆಂಡಿಲ್ಲಿ 150 ಸಣ್ಣ ಗರ್ನಾಲು ಹೊಟ್ಟಿದ ಹಾಂಗೆ ಲೆಕ್ಕ. ಸೈಲೆನ್ಸರಿನ ಒಳಾಣ ತಟ್ಟೆ, ಗೂಡುಗೊ ಇಪ್ಪದು ಆ ಹೊಗೆಯ ಒಂದೇ ಸರ್ತಿ ಬಿಡದ್ದೆ ಸುತ್ತು ಬಳಸಿ, ಸಮಾಧಾನ ಮಾಡಿ ಹೆರ ಕಳುಸುಲೆ. ಅದರ ತೆಗದರೆ ಗರ್ನಾಲು ಸೀದಾ ನಮ್ಮ ಕೆಮಿಗೆ. ಬಲ ಬತ್ತೋ? ಎರಡು ಸ್ಟ್ರೋಕಿನ ಇಂಜಿನಿಲ್ಲಿ ಹೊಗೆ ಹೋಪ ದಾರಿಲಿ ರಜ್ಜ ತಡೆ ಇಪ್ಪದು ಹೊಸ ಪೆಟ್ರೋಲು ಸುಮ್ಮನೆ ಹೆರ ಹಾರದ್ದ ಹಾಂಗೆ ನೋಡಿಗೊಂಬಲೆ. ಕಂಪೆನಿಯವು ಇಂಜಿನಿನ ಅದಕ್ಕೆ ಬೇಕಾದ ಹಾಂಗೆ ಹೊಂದುಸಿ ಕಳುಸಿದ್ದವು. ಸೈಲೆನ್ಸರಿನ ಹೊಟ್ಟೆ ಬಗದು, ಕಾರ್ಬುರೇಟರಿನ ಹಾಂಗೇ ಬಿಟ್ಟರೆ ಇಂಜಿನು ಹೆಚ್ಚು ಬೆಶಿ ಆಗಿ ಪಿಸ್ಟನು ಹಿಡಿವಲೂ ಸಾಕು. ಹೆಚ್ಚಪ್ಪದು ಬೊಬ್ಬೆ. ಬೊಬ್ಬೆಯ ಬಲ ಹೇಳಿ ತಿಳ್ಕೊಂಬದು ನಮ್ಮ ಗೆಂಡುಮಕ್ಕಳ ಹಳೇ ಅಭ್ಯಾಸ, ಅದು ಮಿಶನಿಂಗೂ ದಾಂಟಿತ್ತು.

ಕಾನೂನು ಎಂತ ಹೇಳ್ತು? 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಜಾಗೆಲಿ ಹಗಲಿನ ಸರಾಸರಿ ಮಿತಿ 55 ಡೆಸಿಬೆಲ್, ಇರುಳು 10ರಿಂದ ಉದಿಯಪ್ಪಗ 6ರ ವರೆಗೆ 45. ಬಯಲು ಜಾಗೆಲಿ ದೂರ ಡಬ್ಬಲಾದಪ್ಪಗ ಶಬ್ದ 6 ಡೆಸಿಬೆಲ್ ಇಳಿತ್ತು. ಒಂದು ಮೀಟರಿಲ್ಲಿ 105 ಇಪ್ಪ ಮಿಶನು 100 ಮೀಟರು ದೂರಕ್ಕೂ 65 ಆಗಿ ಎತ್ತುತ್ತು. ನಮ್ಮ ಹೆಚ್ಚಿನ ಮನೆ ತೋಟದ ಕರೇಲೇ ಇಪ್ಪದು, ನೂರು ಮೀಟರು ಹೇಳಿರೆ ಆಚಮನೆಯೂ ಅದರೊಳವೇ ಬಂತು. ಮದುವೆ ಹಾಲಿನ ಡೀಸಿಲು ಜನರೇಟರಿನ ನೋಡಿ. 2005ರ ಜನವರಿಂದ ಮತ್ತೆ ತಯಾರಾದ್ದಕ್ಕೆಲ್ಲ ಪೆಟ್ಟಿಗೆ ಬೇಕು, ಪೆಟ್ಟಿಗೆಂದ ಒಂದು ಮೀಟರು ದೂರಲ್ಲಿ 75 ಡೆಸಿಬೆಲ್ ಮೀರ್ಲಾಗ ಹೇಳಿ ನಿಯಮ ಬಂತು. ಬೀಸಿ ರೋಡಿನ ಹಾಲಿಲ್ಲಿ ಊಟಕ್ಕೆ ಕೂದಪ್ಪಗ ಕರೆಂಟು ಹೋದ್ದೂ ಗೊಂತಾವ್ತಿಲ್ಲೆ. ಅಷ್ಟು ದೊಡ್ಡ ಇಂಜಿನಿನ ಸುಮ್ಮನೆ ಕೂರುಸುಲೆ ಎಡಿಗಾದರೆ ಕೈಲಿ ಹಿಡಿವ ಮಿಶನಿನ ಸ್ವರ ರಜ್ಜ ಆದರೂ ತಗ್ಗುಸುಲೆ ಎಡಿಯದೋ?

2022ರಲ್ಲಿ ಕಟೀಲು ಮೇಳದ ಆಟವ ಕಾಲಮಿತಿಗೆ ತಂದಪ್ಪಗ ನಮ್ಮ ಜಿಲ್ಲೆಲಿ ಎಷ್ಟು ಚರ್ಚೆ ಆತು ಹೇಳಿ ನಿಂಗೊಗೆ ನೆಂಪಿಕ್ಕು. ದೇವರ ಸೇವೆಯ ಆಟದ ಮೈಕಕ್ಕೂ ಶಬ್ದದ ನಿಯಮ ಬಂತು. ಕಿವಿ ಕಿತ್ತು ಹೋಪ ಹಾಂಗೆ ಕಿರುಚುವ ಮಿಶನಿನ ಬಗ್ಗೆ ಒಂದು ಮಾತು ಆರೂ ಆಡಿದ್ದವಿಲ್ಲೆ. ಯುರೋಪಿಲ್ಲಿ 2000ಲ್ಲೇ ಕಾನೂನು ಬಂದು, ಮರ ಕೊರವ, ಹುಲ್ಲು ತೆಗವ ಮಿಶನಿನ ಮೇಗೆ ಅದರ ಶಬ್ದ ಎಷ್ಟು ಹೇಳಿ ಚೀಟಿ ಅಂಟುಸೆಕ್ಕು ಹೇಳಿ ಮಾಡಿದವು. ಕ್ಯಾಲಿಫೋರ್ನಿಯಾಲ್ಲಿ ಮಗಳು-ಅಳಿಯ ಇಪ್ಪವಕ್ಕೆ ಗೊಂತಿಕ್ಕು, ಅಲ್ಲಿ ಹೊಗೆಯ ಕಾರಣಂದ 2024ರಿಂದ ತಯಾರಪ್ಪ ಸಣ್ಣ ಪೆಟ್ರೋಲು ಮಿಶನುಗಳಲ್ಲಿ ಹೆಚ್ಚಿಂದರ ಮಾರುಲೇ ಇಲ್ಲೆ. ನಮ್ಮಲ್ಲಿ ಮಿಶನಿನ ಅಂಗಡಿಗೆ ಹೋದರೆ "ಎಷ್ಟು ಸೀಸಿ, ಎಷ್ಟು ಎವರೇಜು" ಹೇಳಿ ಕೇಳ್ತವು. "ಎಷ್ಟು ಡೆಸಿಬೆಲ್" ಹೇಳಿ ಕೇಳಿದವರ ಆನು ಕಂಡಿದಿಲ್ಲೆ.

ಹಾಂಗಾರೆ ಮಾಡೆಕ್ಕಾದ್ದು ಎಂತ? ದೊಡ್ಡ ಇಂಜಿನಿಯರು ಬೇಡ. ಮನೆವಾರ್ತೆ ನಡಶಿದವಕ್ಕೆ ಅರ್ಥ ಅಪ್ಪ ಸಂಗತಿಗಳೇ.

ಸುರುವಿಂಗೆ ಸೈಲೆನ್ಸರು. ಒಳಾಣ ಸಾಮಾನು ಇರೆಕ್ಕು, ಬೋಲ್ಟು ಬಿಗಿ ಇರೆಕ್ಕು, ನೆಡುಗೆ ಇಪ್ಪ ಪ್ಯಾಕಿಂಗು ಹರುದಿಪ್ಪಲಾಗ. ಕುಕ್ಕರಿನ ರಬ್ಬರು ಹಾಳಾದರೆ ಎಲ್ಲಾ ಹೊಡೆಂದ ಬುಸುಗುಡ್ತಲ್ಲದೋ, ಇದೂ ಹಾಂಗೇ. ಮಸಿ ಕಟ್ಟಿದ ಬಲೆಯ ತೊಳದು ಹಾಕುದು, ತೆಗದು ಇಡ್ಕುದಲ್ಲ.

ಎರಡನೇದು ಚೈನಿನ ಹರಿತ. ಕೊರವಗ ಬೀಳುದು ಚಕ್ಕೆ ಆದರೆ ಹರಿತ ಇದ್ದು, ರಾಗಿಹೊಡಿಯ ಹಾಂಗೆ ಹೊಡಿ ಬಿದ್ದರೆ ಮೊಂಡು. ಮೊಂಡು ಮೆಟ್ಟುಕತ್ತಿಲಿ ಬಾಳೆಕಾಯಿ ಕೊರದರೆ ಕೆಲಸ ಎಷ್ಟು ಹೊತ್ತು ಎಳೆತ್ತು ಹೇಳಿ ನವಗೆ ಆರೂ ಹೇಳಿಕೊಡೆಡ. ಮೊಂಡು ಚೈನಿಲ್ಲಿ ಇಂಜಿನಿಂಗೆ ಒತ್ತಡ, ಹೊತ್ತು ಜಾಸ್ತಿ, ಬೊಬ್ಬೆಯೂ ಅಷ್ಟು ಹೊತ್ತು.

ಮೂರನೇದು ಹೊಸ ಮಿಶನು ತೆಗವಗ. ಹುಲ್ಲು ಹೆರವಲೆ ನಾಲ್ಕು ಸ್ಟ್ರೋಕಿನ ಮಿಶನು ಸಿಕ್ಕುತ್ತು. ಅದರಲ್ಲಿ ಎರಡು ಸುತ್ತಿಂಗೆ ಒಂದೇ ಢಂ, ಸ್ವರ ದಪ್ಪ, ಕೆಮಿಗೆ ಚುಚ್ಚುದು ಕಮ್ಮಿ. ಪೆಟ್ರೋಲಿಂಗೆ ಎಣ್ಣೆ ಬೆರುಸುದೂ ಬೇಡ. ರಜ್ಜ ತೂಕ ಹೆಚ್ಚು, ಪೈಸೆಯೂ ಹೆಚ್ಚು, ಅಪ್ಪು. ಮನೆ ಸುತ್ತಾಣ ಗೆಲ್ಲು ತೆಗವಲೆ, ಜಾಲಿನ ಹುಲ್ಲಿಂಗೆ ಬ್ಯಾಟರಿ ಮಿಶನು ಸಾಕು. ಅದರಲ್ಲಿ ಚೈನಿನ ಶಬ್ದ ಇದ್ದು, ಗರ್ನಾಲು ಇಲ್ಲೆ.

ನಾಲ್ಕನೇದು ಒಂದೇ ಕಡೆ ಕೂರುವ ಪಂಪು. ಅದರ ಮನೆಗೆ ಬೆನ್ನು ಮಾಡಿ ಕೂರುಸಿ, ಮನೆ ಹೊಡೆಂಗೆ ಮುರಕಲ್ಲಿನ ಒಂದು ಗೋಡೆ ಕಟ್ಟಿ. ಬರೇ ತಗಡು ಮುಚ್ಚಿರೆ ಅದೇ ಡೋಲು ಬಡಿತ್ತು. ಹೊಗೆಯ ಪೈಪಿನ ಜಲ್ಲಿಕಲ್ಲು ತುಂಬುಸಿದ ಗುಂಡಿಗೆ ಬಿಟ್ಟರೆ ಅರ್ಧ ಕಿರಿಕಿರಿ ಅಲ್ಲೇ ಮಣ್ಣಾವ್ತು; ಪೈಪು ಸಪೂರ ಅಪ್ಪಲಾಗ, ಗುಂಡಿಲಿ ನೀರು ನಿಂಬಲಾಗ. ಅಡಿಯಂಗೆ ಹಳೇ ಟಯರಿನ ತುಂಡು ಮಡುಗಿ. ಬಾಗಿಲು ಹಾಕಿದ ಕೋಣೆಲಿ ಮಾಂತ್ರ ಇಂಜಿನು ಓಡುಸೆಡಿ, ಹೊಗೆಲಿ ಜೀವ ಹೋಕು.

ಅಕೇರಿಗೆ ಕೆಮಿಮುಚ್ಚಲು. ಎರಡೂ ಕೆಮಿಯ ಪೂರ್ತಿ ಮುಚ್ಚುವ ಟೊಪ್ಪಿಯ ಹಾಂಗಿಪ್ಪದು 20 ಡೆಸಿಬೆಲ್ಲಿಂದ ಹೆಚ್ಚು ಕಮ್ಮಿ ಮಾಡ್ತು. 105 ಇಪ್ಪದು 85ಕ್ಕೆ ಬಂದರೆ 8 ಗಂಟೆಯ ಕೆಲಸ ಆತು. ಮಿಶನಿನ ಬೆಲೆಯ ಎದುರು ಇದರ ಬೆಲೆ ಲೆಕ್ಕಕ್ಕೇ ಇಲ್ಲೆ. ಹತ್ತಿ ತುರ್ಕಿರೆ ಸಾಲ. ಮೊಬೈಲಿನ ಇಯರ್‌ಫೋನು ಸಿಕ್ಕುಸಿ, ಮಿಶನಿಂದ ಜೋರಾಗಿ ಪದ್ಯ ಕೇಳುದು ಗಾಯಕ್ಕೆ ಮೆಣಸಿನ ಹೊಡಿ ಹಾಕಿದ ಹಾಂಗೆ. ಮತ್ತೆ, ಕೆಮಿ ಮುಚ್ಚಿದವಕ್ಕೆ ಬೊಬ್ಬೆ ಕೇಳ್ತಿಲ್ಲೆ ಹೇಳುದೂ ಸತ್ಯ. ಮರ ಕಡಿವಗ ಕೆಂಪು ವಸ್ತ್ರ ಹಿಡುದ ಒಂದು ಜೆನ ಮಿಶನಿನವಕ್ಕೆ ಕಾಂಬ ಹಾಂಗೆ ಎದುರು ನಿಂಬಲೇ ಬೇಕು. ವಸ್ತ್ರ ಬೀಸಿದರೆ ಮಿಶನು ನಿಲ್ಲೆಕ್ಕು.

ಇದರ ಎಲ್ಲ ಹೇಳಿರೆ ಬಪ್ಪ ಉತ್ತರ ಎನಗೆ ಗೊಂತಿದ್ದು.

"ಕೆಲಸಕ್ಕೆ ಜೆನ ಸಿಕ್ಕುದೇ ಕಷ್ಟ, ಕಿರಿಕಿರಿ ಮಾಡಿರೆ ಬಪ್ಪವಿಲ್ಲೆ." ಕಿರಿಕಿರಿ ಮಾಡಿ ಹೇಳಿದ್ದಾರು? ಒಂದು ಕೆಮಿಮುಚ್ಚಲು ತೆಗದು ಮನೆಲಿ ಮಡುಗಿ. ಬಂದವಕ್ಕೆ ಮಜ್ಜಿಗೆನೀರು ಕೊಡುವಗ ಅದರನ್ನೂ ಕೈಗೆ ಕೊಡಿ. "ನಿಂಗಳ ಮಕ್ಕಳ ಮಾತು ಮುಂದಂಗೂ ಕೇಳೆಕ್ಕಲ್ಲದೋ" ಹೇಳಿ ಒಂದು ಮಾತು ಹೇಳಿ. ಬೇಡ ಹೇಳುವವು ಎಷ್ಟು ಜೆನ ಇಕ್ಕು?

"ಆಚಕರೆಯವಕ್ಕೆ ಹೇಳಿದರೆ ಮನಸ್ತಾಪ." ಹೇಳದ್ದೆ ಒಳವೇ ಪಿಸುರು ಮಡಿಕ್ಕೊಂಡರೆ ಮನಸ್ತಾಪ ಇಲ್ಲೆಯೋ? ಉದಿಯಪ್ಪಗ 8ರಿಂದ 12, ಹೊತ್ತೋಪಗ 3ರಿಂದ 5 ಹೇಳಿ ನೆರೆಕರೆಯ ನಾಲ್ಕು ಮನೆಯ ಹೆಮ್ಮಕ್ಕೊ ಸೇರಿ ಮಾತಾಡಿಗೊಂಡರೆ ಮುಗುತ್ತು. ಬಾಬೆ ಇಪ್ಪ ಮನೆ, ಅಜ್ಜ-ಅಜ್ಜಿ ಹಾಸಿಗೆ ಹಿಡುದ ಮನೆ ಯೇವದು ಹೇಳಿ ನವಗೆ ಗೊಂತಿಪ್ಪಷ್ಟು ಗೆಂಡುಮಕ್ಕೊಗೆ ಗೊಂತಿಲ್ಲೆ. ಜೆಂಬ್ರಕ್ಕೆ ಹೇಳಿಕೆ ಹೇಳ್ಲೆ ಹೋಪ ನವಗೆ "ನಾಳೆ ಎಂಗಳಲ್ಲಿ ಮಿಶನು ಇದ್ದು" ಹೇಳಿ ಒಂದು ಮೆಸೇಜು ಹಾಕುದು ಭಾರವೋ?

"ವರ್ಷಲ್ಲಿ ನಾಲ್ಕು ದಿನ, ತಡಕ್ಕೊಳ್ಳಿ." ನಿಂಗಳಲ್ಲಿ ನಾಲ್ಕು ದಿನ, ಆಚಮನೆಲಿ ನಾಲ್ಕು ದಿನ, ಈಚಮನೆಲಿ ನಾಲ್ಕು ದಿನ. ಮಿಶನು ಹಿಡುದವಕ್ಕೆ ಅದು ನಾಲ್ಕು ದಿನ ಅಲ್ಲ, ಇಡೀ ಹಂಗಾಮು. ಅವರ ಮನೆಲಿಯೂ ಒಂದು ಹೆಮ್ಮಕ್ಕೊ ಹೊತ್ತೋಪಗ ಎರಡೆರಡು ಸರ್ತಿ ಹೇಳಿದ್ದನ್ನೇ ಹೇಳಿಗೊಂಡಿರ್ತು.

"ಇದು ಹೆಮ್ಮಕ್ಕಳ ವಿಷಯ ಅಲ್ಲ." ಇದಕ್ಕೆ ಉತ್ತರ ಕೊಡ್ಲೇ ಎನಗೆ ಇಷ್ಟು ಬರವಲೆ ಮನಸ್ಸಾದ್ದು. ಗುಡ್ಡೆಲಿ ಮಿಶನು ಓಡುವಗ ಯಜಮಾನ್ರು ಬೈಕು ಹತ್ತಿ ಪೇಟೆಗೆ ಹೋಪಲಕ್ಕು. ಉದಿಯಂದ ಹೊತ್ತೋಪಲ್ಲಿವರೆಗೆ ಆ ಶಬ್ದದ ಒಳ ಕೂದು ಅಡಿಗೆ ಮಾಡುದು, ಬಾಬೆಯ ಒರಗುಸುದು, ಅಜ್ಜಿಗೆ ಮದ್ದು ಕೊಡುದು ನಾವು. ಶಬ್ದವ ತಿಂಬದು ನಾವು, ನಿರ್ಧಾರ ಮಾಡುದು ಬೇರೆಯವು ಹೇಳಿರೆ ಅದು ಯೇವ ನ್ಯಾಯ?

ಈ ಸರ್ತಿ ಮಿಶನಿನವಕ್ಕೆ ಫೋನು ಮಾಡುದು ಮನೆಯ ಗೆಂಡುಮಕ್ಕೊ ಆದಿಕ್ಕು. ನಿಂಗೊ ಹತ್ರೆ ನಿಂದುಗೊಳ್ಳಿ. ದಿನಕ್ಕೆ ಎಷ್ಟು ಹೇಳಿ ಕೇಳುವಂದ ಮದಲು ಮೂರು ಪ್ರಶ್ನೆ ಕೇಳುಸಿ: ಸೈಲೆನ್ಸರಿನ ಒಳ ಎಲ್ಲ ಸರಿ ಇದ್ದೋ? ಕೆಮಿಮುಚ್ಚಲು ತತ್ತವೋ, ಎಂಗೊ ಕೊಡೆಕ್ಕೋ? ಎಷ್ಟು ಗಂಟೆಂದ ಎಷ್ಟು ಗಂಟೆ ವರೆಗೆ ಓಡುಗು? ಮೂರಕ್ಕೂ ಸಮಾ ಉತ್ತರ ಬಂದ ಮತ್ತೆ ಬಪ್ಪಲೆ ಹೇಳಿ. ಬಂದ ದಿನ ಮಧ್ಯಾಹ್ನದ ಅಡಿಗೆಗೆ ಒಂದು ಪಾಯಸವನ್ನೂ ಸೇರುಸಿ, ಒಳ್ಳೆ ಕೆಲಸಕ್ಕೆ ಒಳ್ಳೆ ಊಟ ಹಾಕುದು ನಮ್ಮ ಮನೆಗಳ ಕ್ರಮ.